ಹೂ ಕಾಣದ ಗಿಡದ ರೆಂಬೆ

ನಾನು ಒಂದು ಒಣ ರೆಂಬೆ. ದಪ್ಪ ಬಿಳಿ ಹಾಳೆಗೆ ದಾರದಿಂದ ಹೊಲಿದು, ಕಾಲೇಜಿನ ಕಬ್ಬಿಣದ ಕಪಾಟಿನಲ್ಲಿ ನನ್ನನ್ನು ಮಲಗಿಸಿದ್ದಾರೆ. ಹುಟ್ಟಿದ್ದು ಮಾತ್ರ ಕುಂದಾಪುರದ ಕಡೆ, ಕಡಲಿಗೆ ಮುಖ ಮಾಡಿದ ಕೆಂಪು ಮುರಕಲ್ಲಿನ ಗುಡ್ಡದ ಮೇಲೆ, ಕತ್ತಿಯೇಟು ತಿಂದ ಒಂದು ಮೋಟುಗಿಡದ ಬುಡದಲ್ಲಿ.

ಆ ಬುಡವೇ ನನ್ನ ಅಮ್ಮ. ಗುಡ್ಡದ ಕೆಳಗಿನ ಮನೆಯ ಮುಕಾಂಬು ಪೂಜಾರ್ತಿ ವರ್ಷಾ ವರ್ಷಾ ಗುಡ್ಡಕ್ಕೆ ಬಂದು ಕುರುಚಲನ್ನೆಲ್ಲ ಸವರಿ, ಮಣ್ಣಿನ ಜೊತೆ ರಾಶಿ ಹಾಕಿ ಸುಡುತ್ತಿದ್ದಳು. ಆ ಸುಡುಮಣ್ಣು ಅವಳ ಸೌತೆ, ಹರಿವೆಗೆ ಗೊಬ್ಬರ. ನನಗಿಂತ ಮೊದಲು ಚಿಗುರಿದವರೆಲ್ಲ ಹಾಗೇ ಬೂದಿಯಾದರು. ಅಮ್ಮ ಮತ್ತೆ ಚಿಗುರುತ್ತಿದ್ದಳು. ಹೂ ಬಿಡುವಷ್ಟು ದಿನ ಮಾತ್ರ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ನಾನು ಗೇಣುದ್ದ ಇದ್ದಾಗ ಗುಡ್ಡದ ಆ ತುದಿಗೆ ಕಲ್ಲು ಕೊಯ್ಯುವ ಯಂತ್ರ ಬಂತು. ಗುಡ್ಡ ಹೋಗುವ ಮೊದಲು ಅಲ್ಲಿನ ಗಿಡಗಳನ್ನು ಪಟ್ಟಿ ಮಾಡಬೇಕೆಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ತಾರಿಣಿ ಮೇಡಂ ಬಂದರು. ನನ್ನ ಎಲೆಯಂಚಿನ ಹಲ್ಲುಗಳನ್ನು ನೋಡಿ, "ಎಲ್ಲಾ ಕಡೆ ಇರೋದೇ" ಎಂದು ಹೊರಟೇಬಿಟ್ಟರು. ಸ್ವಲ್ಪ ದೂರ ಹೋದವರು ಬೆರಳು ಉಜ್ಜಿಕೊಳ್ಳುತ್ತ ತಿರುಗಿ ಬಂದರು. ಎಲೆಯ ಬೆನ್ನಿನ ತುಪ್ಪುಳ ಅವರ ಕೈಗೆ ಹತ್ತಿತ್ತು; ಎಲ್ಲಾ ಕಡೆ ಇರುವ ಗಿಡಕ್ಕೆ ಅದು ಇರುವುದಿಲ್ಲ.

ಕತ್ತಿ ಹಿಡಿದು ಬಂದ ಮುಕಾಂಬುವನ್ನು ಅವರು ತಡೆದರು. "ಇದೊಂದನ್ನ ಈ ವರ್ಷ ಕಡೀಬೇಡಿ. ಕಡಿದು ಕಡಿದು ಎಳೇ ಎಲೆ ಮಾತ್ರ ಬರ್ತಿದೆ. ಹೂ ನೋಡ್ದೆ ಹೆಸರು ಹೇಳೋಕಾಗಲ್ಲ."

"ಹೆಸ್ರ್ ಕಟ್ಕಂಡ್ ಎಂತ ಮಾಡ್ತ್ರಿ ಅಮ್ಮಾ? ನಂಗೆ ಸೊಪ್ಪ್ ಬೇಕ್."

"ನಾನು ಅಂದ್ಕೊಂಡಿದ್ದೇ ಆಗಿದ್ರೆ ಈ ಕರಾವಳೀಲಿ ಇನ್ನೆಲ್ಲೂ ಉಳಿದಿಲ್ಲ. ಆಗ ಕಲ್ಲು ಕೊಯ್ಯೋದು ನಿಲ್ಲಿಸಿ ಅಂತ ಕೇಳಬಹುದು. ಹೆಸರೇ ಗೊತ್ತಿಲ್ಲದ್ದನ್ನ ಉಳಿಸಿ ಅಂದ್ರೆ ಯಾರು ಕೇಳ್ತಾರೆ?"

ಮುಕಾಂಬು ಯಂತ್ರದ ಕಡೆ ನೋಡಿದಳು. "ಗುಡ್ಡೆ ಹೋದ್ರೆ ನಂಗೂ ಸೊಪ್ಪಿಲ್ಲೆ" ಎಂದು ಗೊಣಗಿ ಪಕ್ಕದ ಪೊದೆಗೆ ಕತ್ತಿ ಹಾಕಿದಳು.

ಅವಳ ಅತ್ತಿಗೆ ದುಗ್ಗು ಬಿಡಬೇಕಲ್ಲ! "ಏಯ್ ಮುಕಾಂಬು, ಇದ್ನೊಂದ್ ಎಂತಕ್ ಬಿಟ್ಟದ್ದ್? ಮದಿ ಮಾಡಿ ಕಳ್ಸುಕಾ?"

"ಗಂಡ್ ಇದ್ರೆ ಹೇಳಿ ಅತ್ಗೆ, ಕಾಂಬ."

ಮಳೆಗಾಲ ಕಳೆಯಿತು. ನಾನು ಬೆಳೆದೆ; ಮೇಲೆ ಮೂಡಿದ ಎಲೆಗಳಲ್ಲಿ ಹಲ್ಲೇ ಇರಲಿಲ್ಲ. ಯಂತ್ರವೂ ಹತ್ತಿರವಾಯಿತು. ಅದು ಗುಡುಗಿದಾಗ ಅಮ್ಮನ ಬೇರು ಕಲ್ಲಿನೊಳಗೆ ನಡುಗುವುದು ನನಗೆ ತಿಳಿಯುತ್ತಿತ್ತು. ಮೊಗ್ಗು ತಡಮಾಡಿದರೆ ಅಮ್ಮ ಬುಡಸಮೇತ ಲಾರಿಗೆ. ಆದರೆ ಮೊಗ್ಗಿಗೆ ಅವಸರ ಮಾಡಲು ಯಾರಿಗೆ ಬರುತ್ತದೆ? ಮುಕಾಂಬು ದಿನಾ ಬಂದು ಸೆರಗಿನಿಂದ ಕೆಂಪು ಧೂಳು ಒರೆಸಿ ಹೋಗುತ್ತಿದ್ದಳು.

ಕೊನೆಗೆ ಅರಳಿತು. ಸಾಸಿವೆಯಷ್ಟು ಹೂ, ಅದೂ ಹಸಿರು.

"ಇಷ್ಟೇಯಾ?" ಎಂದಳು ಮುಕಾಂಬು. "ಇದಕ್ಕಾ ನಾನ್ ಕಾದದ್ದ್?"

ಸುದ್ದಿ ತಿಳಿದು ಬಂದ ಮೇಡಂ ಮಸೂರ ಹಿಡಿದು ಹೂವಿನ ಮೇಲೆ ಬಾಗಿದರು. "ಅದೇ," ಎಂದರು ತಡೆದು, "ಅದೇ ಇದು."

ಅವರೊಬ್ಬರು ಹೇಳಿದರೆ ಸಾಲದು. ಬೇರೆ ತಿಳಿದವರೂ ನೋಡಿ ಒಪ್ಪಬೇಕು. ಅದಕ್ಕೆ ಹೂ ಸಮೇತ ಒಂದು ರೆಂಬೆ ಬೇಕಿತ್ತು. ಮುಕಾಂಬು ಕತ್ತಿ ಎತ್ತಿದಳು. ಇನ್ನೊಂದು ಕೈಯನ್ನು ನನ್ನ ಕೆಳಗೆ ಹಿಡಿದಿದ್ದಳು.

ಹಳೇ ಪೇಪರುಗಳ ನಡುವೆ ನನ್ನನ್ನು ಒತ್ತಿ ಒಣಗಿಸಿದರು. ದೂರದೂರುಗಳವರು ನೋಡಿ ಹೌದೆಂದರು. ಉದ್ದನೆಯ ಹೆಸರು ಬಂತು. ಕಲ್ಲು ಕೊಯ್ಯುವುದನ್ನು ನಿಲ್ಲಿಸಿ ಎಂಬ ಅರ್ಜಿ ಹೋಯಿತಂತೆ. ಉತ್ತರ ಬಂತೋ ಇಲ್ಲವೋ, ಕಪಾಟಿನೊಳಗೆ ಹೇಳುವವರಿಲ್ಲ.

ಮೊನ್ನೆ ಬಾಗಿಲು ತೆರೆದು ಮೇಡಂ ನನ್ನ ಮೇಲೊಂದು ಹೊಸ ಹಾಳೆ ಇಟ್ಟರು. ಅದರಲ್ಲಿ ಅಮ್ಮನದೇ ರೆಂಬೆ, ಕಾಯಿ ಬಿಟ್ಟಿದ್ದು. ಅಂದರೆ ನಾನು ಬಂದಮೇಲೂ, ಕಾಯಿ ಬಲಿಯುವಷ್ಟು ಕಾಲ ಅಮ್ಮ ನಿಂತಿದ್ದಾಳೆ! ಹಿಗ್ಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಆ ಕಾಯಿಯೂ ನನ್ನಂತೆಯೇ ಒಣಗಿದ್ದು. ಕೊಯ್ದ ದಿನದ ಸುದ್ದಿಯಷ್ಟೇ ಅದರ ಬಳಿ ಇರುವುದು. ಇವತ್ತಿನದನ್ನು ಯಾರನ್ನು ಕೇಳಲಿ?