ಯಾವ ಅತಿಥಿ

ಈ ಮನೆಯಲ್ಲಿ ಇನ್ನು ಯಾವತ್ತೂ ಧನ್ಯವಾದ ಹೇಳುವುದಿಲ್ಲವೆಂದು ಎಮ್ರಿಸ್, ಗೆಂಗ್ ಚಿಕ್ಕಮ್ಮನಿಗೆ ಮಾತು ಕೊಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಆಗ ಅವನು ವೇಲ್ಸ್‌ನಿಂದ ಚೀನಾದ ಲೊಯಾಂಗ್‌ಗೆ ಇಂಗ್ಲಿಷ್ ಕಲಿಸಲು ಬಂದು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮೊದಲ ದಿನದ ಊಟದಲ್ಲಿ ಗಂಜಿಗೊಂದು, ಉಪ್ಪಿನಕಾಯಿಗೊಂದು ಧನ್ಯವಾದ ಹೇಳಿದಾಗ ಚಿಕ್ಕಮ್ಮ ಸೌಟು ಕೆಳಗಿಟ್ಟಿದ್ದಳು.

"ನಿಮ್ಮೂರಲ್ಲಿ ಹೆತ್ತಮ್ಮನಿಗೂ ಹೀಗೇ ಹೇಳ್ತಾರಾ?"

"ಹೇಳ್ತಾರೆ."

"ಪಾಪ. ಅದು ಹೊರಗಿನವರಿಗೆ ಹೇಳೋ ಮಾತು ಕಣೋ. ಇಲ್ಲಿ ಹೇಳಿದ್ರೆ ನಂಗೆ ಗಂಜಿ ಗಂಟಲಲ್ಲಿ ಇಳಿಯಲ್ಲ."

ಆ ಊರಿನ ಮಾತುಗಳಲ್ಲಿ ಅವನು ಎಡವಿದ್ದು ಎಷ್ಟೋ. ಓಣಿಯಲ್ಲಿ ಯಾರಾದರೂ "ಊಟ ಆಯ್ತಾ?" ಎಂದರೆ ನಿಂತು, ಏನು ತಿಂದೆ, ಎಷ್ಟು ತಿಂದೆ ಎಂದು ಒಪ್ಪಿಸುತ್ತಿದ್ದ. ಬರಬರುತ್ತಾ ಅದನ್ನು ಕೇಳಲೆಂದೇ ಜನ ಬಾಗಿಲಿಗೆ ಬರತೊಡಗಿದರು. ಚಿಕ್ಕಮ್ಮ ಗಂಡನನ್ನು "ಏ ಸಾಯದ ಮುದುಕಾ" ಎಂದು ಕೂಗಿದ ಮೊದಲ ದಿನ ಜಗಳವೆಂದು ಹೆದರಿ ಕೋಣೆ ಸೇರಿದ್ದ. ಮುದುಕನೋ, ಸೂರ್ಯಕಾಂತಿ ಬೀಜ ಸುಲಿಸುಲಿದು ಅವಳ ಅಂಗೈಗೆ ಹಾಕುತ್ತಾ ಕೂತಿದ್ದ.

ಈಗ ಅವನು ಮತ್ತೆ ನೋಡಲು ಬಂದರೆ ಆ ಓಣಿಯೇ ಇಲ್ಲ. ಚಿಕ್ಕಮ್ಮ ಮಗ ಸೊಸೆಯ ಜೊತೆ ಹದಿನೇಳನೇ ಮಹಡಿಯಲ್ಲಿದ್ದಳು. ಸೊಸೆ ಯೂಲಾನ್ ಗಾಜಿನ ಮೇಜಿನ ಮೇಲೆ ಕಲ್ಲಂಗಡಿ ಹೆಚ್ಚಿಟ್ಟು, "ದಯವಿಟ್ಟು ತಗೊಳ್ಳಿ ಮೇಷ್ಟ್ರೇ, ದಯವಿಟ್ಟು ಒರಗಿ ಕೂತ್ಕೊಳ್ಳಿ" ಎಂದು ಉಪಚರಿಸುತ್ತಿದ್ದಳು. ಹೊಸ ಅಂಗಿ ತೊಟ್ಟ ಚಿಕ್ಕಮ್ಮ ಸೋಫಾದ ತುದಿಯಲ್ಲಿ, ಫೋಟೋ ತೆಗೆಸಿಕೊಳ್ಳಲು ಬಂದವಳ ಹಾಗೆ ಕೂತಿದ್ದಳು.

"ಚಿಕ್ಕಪ್ಪ?" ಎಂದು ಎಮ್ರಿಸ್ ಕೇಳಿದ.

ಅವಳು ಗೋಡೆಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಕಪ್ಪು ಚೌಕಟ್ಟಿನ ಫೋಟೋ ಇತ್ತು. "ಸಾಯದ ಮುದುಕ," ಎಂದಳು. "ಹೋದ ಚಳಿಗಾಲ."

ಸೊಸೆ ಹೋಟೆಲಿನಿಂದ ತರಿಸೋಣವೆನ್ನುತ್ತಿದ್ದಂತೆಯೇ ಚಿಕ್ಕಮ್ಮ ಅಡುಗೆಮನೆಗೆ ಹೋಗಿ, ಸೊಪ್ಪು ಹೆಚ್ಚಿ, ಕಡುಬು ಬೇಯಿಸಿ ತಂದಳು. ತಿನ್ನುತ್ತಾ ಎಮ್ರಿಸ್‌ಗೆ ಒಂದೇ ಯೋಚನೆ. ಧನ್ಯವಾದ ಹೇಳಿದರೆ ತಾನಾಗಿಯೇ ಹೊರಗಿನವನಾಗುತ್ತಾನೆ. ಈಗಾಗಲೇ ಹೊರಗಿನವನಾಗಿದ್ದು, ಹೇಳದೆ ಎದ್ದರೆ, ಉಂಡ ಮನೆಯ ಮರ್ಯಾದೆ ತಿಳಿಯದವನಾಗುತ್ತಾನೆ. ನಾಳೆ ಊರಿಗೆ ವಿಮಾನ. ಇನ್ನೊಮ್ಮೆ ಬರುವ ವಯಸ್ಸು ಅವನದೂ ಅಲ್ಲ, ಕಾಯುವ ವಯಸ್ಸು ಅವಳದೂ ಅಲ್ಲ.

ಹೊರಡುವಾಗ ಯೂಲಾನ್ ಲಿಫ್ಟಿನ ಗುಂಡಿ ಒತ್ತಿ, "ನಿಧಾನಕ್ಕೆ ಹೋಗಿ ಮೇಷ್ಟ್ರೇ" ಎಂದಳು. ಬಂದ ನೆಂಟರನ್ನು ಬೀಳ್ಕೊಡುವಾಗ ಅಲ್ಲಿ ಎಲ್ಲರೂ ಹೇಳುವ ಮಾತದು. ಎಮ್ರಿಸ್ ಬೂಟು ಹಾಕಿಕೊಂಡು ಚಿಕ್ಕಮ್ಮನ ಕಡೆ ತಿರುಗಿದ. ಬಾಯಿ ತೆರೆದ.

"ತಡಿ," ಎಂದು ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಬಾಯಿ ಕಟ್ಟಿದ ಒದ್ದೆ ಚೀಲವಿತ್ತು. "ಕೈಬೀಸ್ಕೊಂಡು ಹೊರಟ್ಯಲ್ಲೋ ದೊಡ್ಡ ಮೂಗಿನವ್ನೇ. ಹೋಗ್ತಾ ಈ ಕಸ ಹಾಕ್ಬಿಟ್ಟು ಹೋಗು. ಹಸಿರು ಡಬ್ಬಕ್ಕೆ. ಎಲ್ಲೆಲ್ಲೋ ಹಾಕಿ ನನ್ನ ಬೈಸ್ಬೇಡ."

ಯೂಲಾನಳ ಮುಖ ಕೆಂಪಾಯಿತು. "ಅತ್ತೆ, ಅತಿಥಿಗಳ ಕೈಲಿ ಕಸ ಕೊಡ್ತಾರಾ?"

"ಯಾವ ಅತಿಥಿ?" ಎಂದಳು ಚಿಕ್ಕಮ್ಮ.

ಎಮ್ರಿಸ್ ಚೀಲ ತೆಗೆದುಕೊಂಡ. ಲಿಫ್ಟಿನ ಬಾಗಿಲು ಮುಚ್ಚಿತು. ಕೆಳಗೆ, ಸಾಲಾಗಿಟ್ಟ ಡಬ್ಬಗಳ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. ಚೀಲದಿಂದ ಸೊಪ್ಪಿನ ನೀರು ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅವನು ಧನ್ಯವಾದ ಹೇಳಿರಲಿಲ್ಲ.