ಚಾಡಿ ಹೇಳುವ ಕಾರ್ಡು

ಕಾಗದದ ಪಾಸಿಗೆ ಬಾಯಿರಲಿಲ್ಲ. ತೋರಿಸಿದರೆ ಕಂಡಕ್ಟರ್ ತಲೆಯಾಡಿಸುತ್ತಿದ್ದ, ಅಲ್ಲಿಗೆ ಮುಗಿಯಿತು. ಈಗ ಬಂದಿರುವ ಪ್ಲಾಸ್ಟಿಕ್ ಕಾರ್ಡು ಹಾಗಲ್ಲ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಬಾಗಿಲ ಬಳಿಯ ಯಂತ್ರಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ ಕೂಡಲೇ, ಅದಕ್ಕೆ ದುಡ್ಡು ತುಂಬಿಸುವವರ ಫೋನಿಗೆ ಚಾಡಿ ಹೋಗುತ್ತದೆ: ಇಂಥ ಸ್ಟಾಪು, ಇಷ್ಟು ಹೊತ್ತಿಗೆ.

ನನ್ನ ಸೊಸೆಯ ಕಾರ್ಡಿಗೆ ದುಡ್ಡು ತುಂಬಿಸುವವನು ನನ್ನ ಮಗ. "ನಿನಗ್ಯಾಕೆ ತಲೆನೋವು, ನಾನೇ ಮಾಡ್ತೀನಿ" ಎಂದು ತನ್ನ ನಂಬರನ್ನೇ ಕೊಟ್ಟುಬಂದ. ಪ್ರೀತಿಯಿಂದಲೇ ಮಾಡಿದ, ಸುಳ್ಳೇಕೆ ಹೇಳಲಿ. ಆದರೆ ಆ ದಿನ ಸೊಸೆಯ ಮುಖ ಕಪ್ಪಿಟ್ಟಿತು.

ಕಾರಣ ನನಗೆ ಗೊತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಾಳೆ. ಸಂಜೆ ಬರುವಾಗ ನಮ್ಮ ಸ್ಟಾಪಿಗಿಂತ ಮೊದಲೇ, ನೀರಿನ ಟ್ಯಾಂಕಿನ ಬಳಿ ಇಳಿದು ತವರಿಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ, ತಲೆ ಬಾಚಿ, ಮುಂದಿನ ಬಸ್ಸಿಗೆ ಬರುತ್ತಿದ್ದಳು. ಅವಳಣ್ಣ ನಾಲ್ಕು ಜನರ ಮುಂದೆ ತನ್ನನ್ನು ಆಡಿಕೊಂಡನೆಂದು, ಅವಳು ಆ ಮನೆಯ ಹೊಸಿಲು ತುಳಿಯಕೂಡದೆಂದು ನನ್ನ ಮಗ ಕಟ್ಟಪ್ಪಣೆ ಮಾಡಿದ್ದ. ಅಣ್ಣನ ಮೇಲಿನ ಸಿಟ್ಟಿಗೆ ಹಾಸಿಗೆಯಲ್ಲಿರುವ ಮುದುಕಿಗೆ ಶಿಕ್ಷೆ! ಇಂಥ ನ್ಯಾಯ ಇವನಿಗೆ ಯಾರು ಕಲಿಸಿದರೋ, ನಾನಂತೂ ಅಲ್ಲ.

ಕಾರ್ಡು ಬಂದ ಮೇಲೆ ಅವಳು ನೆಟ್ಟಗೆ ಮನೆಗೆ ಬರತೊಡಗಿದಳು. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಒಂದು ದಿನ ಪಾತ್ರೆ ತೊಳೆಯುತ್ತಾ, "ಅಮ್ಮನ ಬೆನ್ನು ಹುಣ್ಣಾಗಿದೆಯಂತೆ ಅತ್ತೆ" ಎಂದಳು. ನನಗೆ ತಡೆಯಲಾಗಲಿಲ್ಲ.

"ನಿನ್ನ ಕಾರ್ಡು ನಂಗೆ ಕೊಡು. ನಂದು ನೀನಿಟ್ಕೋ."

ಹಾಗೆ ಶುರುವಾಯಿತು ನಮ್ಮ ಕಳ್ಳಾಟ. ನನ್ನ ಕಾರ್ಡಿನ ಚಾಡಿ ನನ್ನ ಫೋನಿಗೇ ಬರುವುದರಿಂದ ಆ ಭಯವಿಲ್ಲ. ಸಂಜೆ ಅವಳ ಅಂಗಡಿಯ ಹತ್ತಿರ ಹೋಗಿ ಕಾರ್ಡು ಅದಲುಬದಲು ಮಾಡಿ, ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಟ್ಯಾಂಕಿನ ಬಳಿ ಅವಳು ನನ್ನ ಕಾರ್ಡು ಮುಟ್ಟಿಸಿ ಇಳಿಯುವಳು. ನಾನು ಅವಳದನ್ನು ಮುಟ್ಟಿಸಿ ನಮ್ಮ ಸ್ಟಾಪಿನಲ್ಲಿ ಇಳಿದು, ಅವಳು ಬರುವವರೆಗೆ ಬೆಂಚಿನ ಮೇಲೆ ಕಾಯುವೆ. ಮಗನ ಲೆಕ್ಕದಲ್ಲಿ ಹೆಂಡತಿ ಹೊತ್ತಿಗೆ ಸರಿಯಾಗಿ ಬಂದಳು. ಈ ವಯಸ್ಸಿನಲ್ಲಿ ಹೆತ್ತ ಮಗನ ಕಣ್ಣಿಗೆ ಮಣ್ಣೆರಚಲು ನಾಚಿಕೆಯಾಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ನಿನ್ನೆ ಕಾರ್ಡು ಮುಟ್ಟಿಸಿ ಕೆಳಗೆ ಕಾಲಿಟ್ಟರೆ ಎದುರಿಗೇ ಟಿಣ್ ಎಂದಿತು. ಮಗ ಫೋನ್ ಹಿಡಿದು ನಿಂತಿದ್ದ. ಕೆಲಸ ಬೇಗ ಮುಗಿಯಿತೆಂದು ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದನಂತೆ. ಫೋನ್ ನೋಡಿದ, ನನ್ನನ್ನು ನೋಡಿದ.

"ಅವಳೆಲ್ಲಮ್ಮ?"

ಅವಳಿಗೆ ತಿಳಿಸೋಣವೆಂದು ಮೆಲ್ಲಗೆ ಚೀಲದೊಳಗೆ ಕೈ ಹಾಕಿದೆ.

"ಫೋನ್ ತೆಗೀಬೇಡ. ಕೂತ್ಕೋ. ನಾನೂ ಕಾಯ್ತೀನಿ."

ನಾನು ಹೆತ್ತ ಮಗನಿಗೆ ನಾನೇ ಹೆದರಿದೆ. ಮುಂದಿನ ಬಸ್ಸಿನಲ್ಲಿ ಅವಳು ಬಾರದಿರಲಪ್ಪ ಎಂದು ಬೇಡಿಕೊಂಡೆ.

ಬಂದಳು. ಮಗ ಕಂಬದ ಮರೆಯಲ್ಲಿದ್ದ, ಅವಳಿಗೆ ಕಂಡದ್ದು ನಾನೊಬ್ಬಳೇ.

"ಅತ್ತೆ, ಅಮ್ಮ ಇವತ್ತು ಮಾತಾಡಿದ್ರು! ಅಳಿಯಂದ್ರು ಚೆನ್ನಾಗಿದ್ದಾರಾ, ಒಂದ್ಸಲ ಕರ್ಕೊಂಡು ಬಾ ಅಂದ್ರು..."

ಆಗ ಗಂಡನನ್ನು ಕಂಡಳು. ಅವನು ಬಾಯಿ ತೆರೆಯುವ ಮೊದಲೇ ಕೈಯಲ್ಲಿದ್ದ ಕಾರ್ಡನ್ನು ಅವನತ್ತ ಚಾಚಿದಳು, ಕದ್ದ ಮಾಲು ಒಪ್ಪಿಸುವವಳಂತೆ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡನ್ನು ಕಸಿದು ಮತ್ತೆ ಅವಳ ಕೈಗೇ ತುರುಕಿದೆ.

"ಇದು ನನ್ನ ಕಾರ್ಡು ಕಣೋ. ನಾಳೇನೂ ಅವಳು ಅಲ್ಲಿಗೆ ಹೋಗ್ತಾಳೆ. ಏನಾದ್ರೂ ಕೇಳೋದಿದ್ರೆ ನನ್ನ ಕೇಳು."

ಮಗ ಫೋನನ್ನು ಜೇಬಿಗಿಳಿಸಿದ. ಮನೆಯ ಕಡೆ ನಡೆದ. ನಾವು ಅವನ ಹಿಂದೆ ನಡೆದೆವು. ಸೊಸೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಮನೆ ಬರುವವರೆಗೂ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.