ಆಯುಧಪೂಜೆ ಆಗಲಿ

ನನ್ನ ಗಂಡನಿಗೆ ಹೆಚ್ಚು ದಿನ ಉಳಿದಿಲ್ಲ ಎನ್ನುವುದು ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವರಿಗೇ ಗೊತ್ತಿತ್ತು, ಮಗಳು ಗಗನಾಗೆ ಗೊತ್ತಿತ್ತು, ಕೊನೆಗೆ ಮೇಲಿನ ಮಹಡಿಯ ಚೋಪ್ರಾಗೂ ಗೊತ್ತಿತ್ತು. ಮೂವತ್ತು ವರ್ಷಕ್ಕೂ ಮೇಲೆ ಜೊತೆಗೆ ಸಂಸಾರ ಮಾಡಿದ ನನಗೆ ಮಾತ್ರ ಜಾಂಡೀಸ್ ಎಂದು ಹೇಳಿದ್ದರು. ಕಣ್ಣು ಹಳದಿಯಾಗಿತ್ತು, ನಾನು ನಂಬಿದೆ. ಗಂಡನೂ ಮಗಳೂ ಸೇರಿಕೊಂಡು ಸುಳ್ಳು ಹೇಳುತ್ತಾರೆ ಎಂದು ಯಾವ ಹೆಂಗಸು ಅಂದುಕೊಳ್ಳುತ್ತಾಳೆ?

ದೆಹಲಿಯ ಜನಕಪುರಿಯ ನಮ್ಮ ನೆಲಮಹಡಿಯ ಫ್ಲ್ಯಾಟಿನ ಮುಂದೆ ಆ ಜೋಂಗಾ ಬಂದು ನಿಂತದ್ದು ಅದಕ್ಕೂ ಮೊದಲು, ಅವರು ರಿಟೈರ್ ಆದ ಚಳಿಗಾಲದಲ್ಲಿ. ಜೋಂಗಾ ಎಂದರೆ ಮಿಲಿಟರಿಯವರ ದೊಡ್ಡ ಜೀಪು. ಸೇನೆಯವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ಮಾಯಾಪುರಿಯ ಗುಜರಿಯಲ್ಲಿ ಬಿಸಾಕಿ ಹೋಗಿದ್ದರಂತೆ. ಇವರು ಅದನ್ನು ಟ್ರಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದರು. ನೆಲದ ತಗಡನ್ನೆಲ್ಲ ತುಕ್ಕು ತಿಂದುಹಾಕಿತ್ತು. ಡ್ರೈವರ್ ಸೀಟಿನ ಕೆಳಗೆ ಬಗ್ಗಿ ನೋಡಿದರೆ ರಸ್ತೆ ಕಾಣುತ್ತಿತ್ತು. ಇದನ್ನು ತಂದವರಿಗೆ ತಲೆ ನೆಟ್ಟಗಿದೆಯೇ ಎಂದು ನಾನು ಬಾಗಿಲಲ್ಲೇ ನಿಂತು ಕೇಳಿದೆ. ನನ್ನ ಗಂಡ ಜಗನ್ನಾಥ ರಾಯರು ನಕ್ಕರು. ನನ್ನ ಬೈಗುಳಕ್ಕೆಲ್ಲ ಅವರದ್ದು ಅದೊಂದೇ ಉತ್ತರ.

ಹುಚ್ಚು ಹಳೆಯದು. ಮದುವೆಯಾದ ಹೊಸತರಲ್ಲಿ ಅವರು ಜಬಲ್ಪುರದಲ್ಲಿ, ಈ ಗಾಡಿಗಳು ತಯಾರಾಗುವ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಸಾಯಂಕಾಲ ಕೆಲಸ ಮುಗಿದ ಮೇಲೆ ಸೈಕಲ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತು, ಹೊಸ ಜೋಂಗಾಗಳು ಸಾಲಾಗಿ ಹೊರಗೆ ಹೋಗುವುದನ್ನು ನೋಡಿಯೇ ಮನೆಗೆ ಬರುತ್ತಿದ್ದರು. ಒಂದು ದಿನ ಇದನ್ನು ನಾನೇ ಓಡಿಸಬೇಕು, ಪಕ್ಕದಲ್ಲಿ ನೀನು ಕೂತಿರಬೇಕು ಎನ್ನುತ್ತಿದ್ದರು. ಹೊಸ ಗಂಡನ ಮಾತು ಎಂದು ನಾನು ಮರೆತೆ. ಆಮೇಲೆ ದೆಹಲಿಗೆ ವರ್ಗವಾಯಿತು, ಮಗಳು ಹುಟ್ಟಿದಳು, ಬೆಳೆದಳು. ಅವರು ಮಾತ್ರ ಮರೆತಿರಲಿಲ್ಲ.

ಆ ಚಳಿಗಾಲವೆಲ್ಲ ತಂತಿ ಬ್ರಷ್ ಹಿಡಿದು ತುಕ್ಕು ಉಜ್ಜಿದರು. ಕೆಂಪು ಪುಡಿ ಹಾರಿ ನನ್ನ ತುಳಸಿ ಗಿಡದ ಮೇಲೂ ಒಣಗಲು ಹಾಕಿದ ಬಟ್ಟೆಯ ಮೇಲೂ ಕೂರುತ್ತಿತ್ತು. ತೂತು ಬಿದ್ದ ಕಡೆ ಹೊಸ ತಗಡು ಕತ್ತರಿಸಿ ಬೆಸುಗೆ ಹಾಕಿಸಿದರು, ರೆಡ್ ಆಕ್ಸೈಡ್ ಬಳಿದರು. ಇಂಜಿನ್ ಬಿಚ್ಚಿ, ಭಾಗಗಳನ್ನು ನನ್ನ ಹಪ್ಪಳದ ಮೊರದಲ್ಲಿ ಜೋಡಿಸಿದ ದಿನ ನಾನು ಇಡೀ ದಿನ ಮಾತು ಬಿಟ್ಟೆ. ಚೋಪ್ರಾ ಮೇಲಿನಿಂದ ಬಗ್ಗಿ, ಇದು ಮನೆಯೋ ವರ್ಕ್‌ಶಾಪೋ ಎಂದು ಕೂಗುತ್ತಿದ್ದ. ಅವನ ಪರವಾಗಿ ನಾನೂ ನಾಲ್ಕು ಮಾತು ಸೇರಿಸುತ್ತಿದ್ದೆ.

ಹೋಳಿ ಕಳೆದ ಮೇಲೆ ಅವರಿಗೆ ಊಟ ಸೇರದಾಯಿತು, ಕಣ್ಣು ಹಳದಿಯಾಯಿತು. ಅಪ್ಪ ಮಗಳು ಆಸ್ಪತ್ರೆಗೆ ಹೋಗಿ ಬಂದು ಜಾಂಡೀಸ್ ಎಂದರು, ನಿಧಾನಕ್ಕೆ ಹೋಗುತ್ತದೆ ಎಂದರು. ಜಾಂಡೀಸಿಗೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಎಣ್ಣೆ ನಿಲ್ಲಿಸಿದೆ, ಖಾರ ನಿಲ್ಲಿಸಿದೆ. ಮೂಲಂಗಿ ಸೊಪ್ಪಿನ ರಸ, ಕಬ್ಬಿನ ಹಾಲು, ಸಪ್ಪೆ ಗಂಜಿ. ಅವರಿಗೆ ಆಂಬೊಡೆ ಎಂದರೆ ಪ್ರಾಣ. ಒಂದು ಭಾನುವಾರ ಬಾಯಿಬಿಟ್ಟು ಕೇಳಿದರು, ಎರಡೇ ಎರಡು ಕರಿದು ಕೊಡು ಎಂದು. ಕಣ್ಣು ಬೆಳ್ಳಗಾಗಲಿ, ಆಮೇಲೆ ಬಾಣಲೆ ತುಂಬ ಕರಿಯುತ್ತೇನೆ ಎಂದೆ. ಅದನ್ನು ಈಗ ನೆನೆದರೆ ಅವರಿಬ್ಬರ ಮೇಲೂ ನನಗೆ ಹೊಟ್ಟೆ ಉರಿಯುತ್ತದೆ. ಗಂಜಿ ಕುಡಿದರೂ ಅಷ್ಟೆ, ಆಂಬೊಡೆ ತಿಂದರೂ ಅಷ್ಟೆ ಎಂದು ಗೊತ್ತಿದ್ದೂ ಆ ಮನುಷ್ಯ ಸುಮ್ಮನೆ ಗಂಜಿ ಕುಡಿದರು.

ಸೂಚನೆಗಳೇನೂ ಕಡಿಮೆಯಿರಲಿಲ್ಲ. ಹಾಸಿಗೆಯ ಬೆಡ್‌ಶೀಟ್ ಮಡಿಸದ ಗಗನಾ ಶನಿವಾರ ಭಾನುವಾರ ನೋಯ್ಡಾದ ಆಫೀಸಿನ ಗೆಳತಿಯರನ್ನೆಲ್ಲ ಬಿಟ್ಟು ಗಾಡಿಯ ಕೆಳಗೆ ಮಲಗಿ ಬೋಲ್ಟ್ ಬಿಗಿಯತೊಡಗಿದಳು. ಅವರು ಬೆತ್ತದ ಮೋಢೆಯ ಮೇಲೆ ಕೂತು ಹೇಳುವರು, ಇವಳು ಮಾಡುವಳು. ಚೋಪ್ರಾ ಕೂಗುವುದನ್ನು ನಿಲ್ಲಿಸಿದ. ಒಂದು ದಿನ ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಬಂದು, ಭಾಭೀಜಿ, ಗಾಡಿ ಬಹಳ ಚೆನ್ನಾಗಿ ಬರುತ್ತಿದೆ ಎಂದ. ದೆಹಲಿಯ ಜನಕ್ಕೂ ಕಡೆಗೆ ಬುದ್ಧಿ ಬಂತಲ್ಲ ಎಂದು ನಾನು ಬೀಗಿದೆ.

ಬಣ್ಣದ ವಿಷಯ ಬಂದಾಗ ನನ್ನನ್ನು ಕೇಳಿದರು. ಮಿಲಿಟರಿ ಹಸಿರು ನಾವು ಬಳಿಯುವಂತಿಲ್ಲವಂತೆ. ತಮಾಷೆಗೆ, ನನ್ನ ಧಾರೆ ಸೀರೆಯ ಬಣ್ಣ ಬಳಿಯಿರಿ ಎಂದೆ. ಅದು ನವಿಲಿನ ಕೊರಳಿನ ನೀಲಿ. ಮರುದಿನ ನನ್ನ ಹಳೆಯ ರವಿಕೆ ತೆಗೆದುಕೊಂಡು ಗಗನಾಳನ್ನು ಬಣ್ಣದ ಅಂಗಡಿಗೆ ಅಟ್ಟಿದರು. ಡಬ್ಬ ಬಂದಾಗ ಎರಡನ್ನೂ ಬಿಸಿಲಿಗೆ ಹಿಡಿದು ಹೊಂದಿಸಿ ನೋಡಿದರು. ನಾನು ಒಳಗೆ ಹೋಗಿ ಯಾರಿಗೂ ಕಾಣದ ಹಾಗೆ ನಕ್ಕೆ.

ಗಣೇಶನ ಹಬ್ಬ ಕಳೆದು ಹುಣ್ಣಿಮೆಯ ದಿನ ಇಂಜಿನ್ ಶುರುವಾಯಿತು. ಗೋಡೆ ಹಿಡಿದುಕೊಂಡು ಅವರು ಅಡಿಗೆಮನೆಗೆ ಬಂದರು. ಸ್ವೆಟರ್ ಹಾಕುವ ಕಾಲವಲ್ಲ, ಆದರೂ ಹಾಕಿದ್ದರು.

"ಶಾರದಾ, ನಾಳೆ ಹೋಗೋಣ. ಇಂಡಿಯಾ ಗೇಟ್ ತನಕ. ಐಸ್‌ಕ್ರೀಂ ತಿಂದು ಬರೋಣ."

"ನಾಳೆಯಿಂದ ಪಿತೃಪಕ್ಷ ರೀ. ಹೊಸದಾಗಿ ಗಾಡಿ ಹೊರಡಿಸೋ ಕಾಲವಾ ಇದು? ಆಯುಧಪೂಜೆ ಆಗಲಿ, ನಿಂಬೆಹಣ್ಣು ತುಳಿಸಿ ಹೋಗೋಣ."

ನನಗೆ ಕಾರಣವಿತ್ತು. ಚೇತಕ್ ಸ್ಕೂಟರ್ ಮನೆಗೆ ಬಂದದ್ದೂ ಪಕ್ಷದಲ್ಲೇ. ಬೇಡವೆಂದರೂ ನಗುತ್ತ ತಂದರು, ವಾರದೊಳಗೆ ಧೌಲಾ ಕುವಾಂ ಸರ್ಕಲ್ಲಿನಲ್ಲಿ ಬಿದ್ದು ಕಾಲು ಮುರಿದುಕೊಂಡರು. ಈಗಂತೂ ಮೈಯಲ್ಲಿ ರಕ್ತವಿಲ್ಲದ ಮನುಷ್ಯ. ಅವರಿಗೆ ಇನ್ನೊಂದು ಆಪತ್ತು ಬರಬಾರದು ಎಂದೇ ಹೇಳಿದೆ, ಹಟಕ್ಕೆ ಹೇಳಿದ್ದಲ್ಲ.

ಗಗನಾ ಬಾಗಿಲಲ್ಲಿ ಗ್ರೀಸ್ ಕೈಯಲ್ಲಿ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅವರು ಅವಳ ಕೈ ಹಿಡಿದು ಅದುಮಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ನನ್ನ ಶಾಸ್ತ್ರ ಸಂಪ್ರದಾಯ ಕಂಡು ಅಪ್ಪ ಮಗಳಿಗೆ ನಗು ಬಂದಿದೆ ಎಂದುಕೊಂಡು ನಾನು ಇನ್ನೂ ಗಟ್ಟಿಯಾಗಿ ಬೇಡ ಎಂದೆ.

"ಆಯ್ತು. ಆಯುಧಪೂಜೆ ಆಗಲಿ" ಎಂದರು.

ಪಕ್ಷದ ದಿನಗಳಲ್ಲಿ ಅವರು ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡು ಗಾಡಿಯನ್ನೇ ನೋಡುತ್ತ ಮಲಗುತ್ತಿದ್ದರು. ಗಗನಾ ಸಂಜೆ ಬಂದವಳೇ ಇಂಜಿನ್ ಶುರುಮಾಡಿ ಸ್ವಲ್ಪ ಹೊತ್ತು ಬಿಡುವಳು. ಆ ಶಬ್ದಕ್ಕೆ ಅವರು ಕಣ್ಣು ಮುಚ್ಚಿಕೊಳ್ಳುವರು. ನಾನು ಕುಂಬಳಕಾಯಿ ತರಿಸಿ ಮೂಲೆಯಲ್ಲಿಟ್ಟೆ, ಚೆಂಡುಹೂವಿಗೆ ಹೇಳಿಟ್ಟೆ. ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಅವರಿಗೆ ಪ್ರಜ್ಞೆ ತಪ್ಪಿತು. ಆಂಬುಲೆನ್ಸು ನೀಲಿ ಗಾಡಿಯನ್ನು ಸುತ್ತುಹಾಕಿಕೊಂಡು ಹೊರಗೆ ಹೋಯಿತು.

ನನಗೆ ನಿಜ ಹೇಳಿದ್ದು ಆಸ್ಪತ್ರೆಯ ಡಾಕ್ಟರು, ಅದೂ ನನಗೆ ಗೊತ್ತಿಲ್ಲ ಎನ್ನುವುದು ಗೊತ್ತಿಲ್ಲದೆ. ಹೊಟ್ಟೆಯೊಳಗಿನ ಗಡ್ಡೆ ಆಗಲೇ ಎಲ್ಲ ಕಡೆ ಹಬ್ಬಿತ್ತು, ಆರು ತಿಂಗಳು ಬದುಕಿದ್ದೇ ಹೆಚ್ಚು, ನೀವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೇ ಇದ್ದಿರಲ್ಲ ಎಂದು ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ. ಗಗನಾ ಗೋಡೆಯ ಕಡೆ ತಿರುಗಿದಳು. ಮರುದಿನ ಬೆಳಿಗ್ಗೆ ಅವರು ಹೋದರು.

ಕರ್ಮದ ದಿನಗಳಲ್ಲಿ ನಾನು ಮಗಳೊಡನೆ ಮಾತಾಡಲಿಲ್ಲ. ಪುರೋಹಿತರು ಅವರಿಗೆ ಇಷ್ಟವಾದದ್ದು ಏನು ಎಂದು ಕೇಳಿದರು. ಬಾಣಲೆ ತುಂಬ ಆಂಬೊಡೆ ಕರಿದೆ. ಎಲೆಗೆ ಬಡಿಸಿದೆ, ಕಾಗೆಗೆ ಇಟ್ಟೆ. ಬದುಕಿದ್ದವರಿಗೆ ಎರಡು ಕೊಡಲಿಲ್ಲ.

ಆಯುಧಪೂಜೆ ಬಂದಾಗ ನಮಗಿನ್ನೂ ಸೂತಕ ಕಳೆದಿರಲಿಲ್ಲ. ನಮ್ಮ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಬ್ಲಾಕಿನ ಆ ಕಡೆ ಕೊನೆಯಲ್ಲಿರುವ ಕನ್ನಡದವರ ಮಾರುತಿ ಕಾರಿಗೆ ಹೂವಿನ ಹಾರ ಬಿದ್ದಿತ್ತು. ಜೋಂಗಾದ ಮೇಲೆ ಬೇವಿನ ಎಲೆ ಬಿದ್ದಿತ್ತು. ನಾನು ಹೊರಗೆ ಬಂದು ನಿಂತದ್ದನ್ನು ನೋಡಿ ಗಗನಾ ಬಂದಳು. ಅವತ್ತು ಎಲ್ಲವನ್ನೂ ಹೇಳಿದಳು. ನನಗೆ ಹೇಳಕೂಡದು ಎಂದು ಅಪ್ಪ ಆಣೆ ಹಾಕಿಸಿದ್ದರಂತೆ, ನಾನು ಅಳುವುದನ್ನು ನೋಡುತ್ತ ಆರು ತಿಂಗಳು ಕಳೆಯುವುದು ಅವರಿಂದಾಗದು ಎಂದರಂತೆ. ಪಕ್ಷದ ಮೂರನೆಯ ದಿನವೋ ಏನೋ, ನಾನು ದೇವಸ್ಥಾನಕ್ಕೆ ಹೋಗಿದ್ದಾಗ, ಈಗಲೇ ಒಂದು ಸುತ್ತು ಹೋಗಿಬರೋಣ ಎಂದು ಇವಳು ಕರೆದಿದ್ದಳಂತೆ. ಒಪ್ಪಲಿಲ್ಲವಂತೆ.

"ಅಪ್ಪ ಬೋಲೇ, ಶಾರದನ್ನ ಬಿಟ್ಟು ನಾನು ಹೋಗಲ್ಲ. ಬಸ್ ಇತ್ನಾ ಹೀ, ಅಷ್ಟೇ" ಎಂದಳು.

"ನನಗೆ ಒಂದು ಮಾತು ಹೇಳಿದ್ದಿದ್ರೆ ಯಾವ ಪಕ್ಷ, ಯಾವ ಪೂಜೆ" ಎಂದೆ. "ಗಾಡಿ ನಾನೇ ತಳ್ಳಿರ್ತಿದ್ದೆ ಕಣೇ."

ಅವಳು ಅಳುತ್ತ ಕೀಲಿ ತಂದು ಹತ್ತಿ ಕೂತಳು. ಅಷ್ಟು ದಿನ ಯಾರೂ ಮುಟ್ಟದೆ ಬ್ಯಾಟರಿ ಸತ್ತಿತ್ತು. ಕೀಲಿ ತಿರುಗಿಸಿದರೆ ಬರೀ ಕಟಕಟ ಎಂದಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋದೆ. ಚೋಪ್ರಾ ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದು ಬಂದ, ಎದುರು ಮನೆಯವರಿಬ್ಬರು ಬಂದರು. ಭಾಭೀಜಿ, ನೀವು ಬಿಡಿ ಎಂದರು. ನಾನು ಬಿಡಲಿಲ್ಲ. ಎರಡೂ ಅಂಗೈ ಒತ್ತಿ, ಹಣೆ ತಗಡಿಗೆ ತಾಗುವ ಹಾಗೆ ಬಗ್ಗಿ ತಳ್ಳಿದೆ. ಗಾಡಿ ಮೊದಲು ಅಲ್ಲಾಡಲಿಲ್ಲ, ಆಮೇಲೆ ನಿಧಾನಕ್ಕೆ ಉರುಳಿತು, ಎರಡು ಸಲ ಮುಗ್ಗರಿಸಿ ಶುರುವಾಯಿತು. ನನ್ನ ಕೈಯಿಂದ ಜಾರಿ ಮುಂದೆ ಹೋಯಿತು.

ಬೇವಿನ ಮರದ ಹತ್ತಿರ ಗಗನಾ ನಿಲ್ಲಿಸಿ, ಪಕ್ಕದ ಸೀಟು ಒರೆಸಿ, ಬಾ ಅಮ್ಮಾ ಎಂದು ಕರೆದಳು. ನಾನು ಬರುವುದಿಲ್ಲ ಎಂದೆ. ನನ್ನನ್ನು ಬಿಟ್ಟು ಹೋಗಲ್ಲ ಎಂದವರು ಹೋಗಿಯಾಗಿತ್ತು, ಇನ್ನು ಆ ಸೀಟಿನಲ್ಲಿ ಕೂತು ನಾನು ನೋಡಬೇಕಾದದ್ದು ಏನೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ಒಬ್ಬಳೇ ಹೊರಟಳು. ಮೆಟ್ರೋ ಕಂಬಗಳ ಕಡೆ ತಿರುಗಿದ ಮೇಲೂ ಇಂಜಿನ್ ಶಬ್ದ ಕೇಳುತ್ತಿತ್ತು. ಎಲ್ಲೂ ತಡವರಿಸದೆ, ಚೆನ್ನಾಗಿಯೇ ಓಡುತ್ತಿತ್ತು. ಪಕ್ಷದ ಮೊದಲ ದಿನ ಹೊರಟಿದ್ದರೂ ಹೀಗೇ ಓಡುತ್ತಿತ್ತು.